ಋತುಚಕ್ರವೂ ಸರಾಸರಿಯ ಲೆಕ್ಕವೂ

ನಮ್ಮ ಕಾಲೇಜಿನ ವಿಜ್ಞಾನ ಸಂಘದ ಕೊಠಡಿಯಲ್ಲಿ ಒಂದು ಮರದ ಪೆಟ್ಟಿಗೆಯುಂಟು. ಎದ್ದು ನಿಂತು ಪ್ರಶ್ನೆ ಕೇಳಲು ಸಂಕೋಚಪಡುವ ವಿದ್ಯಾರ್ಥಿಗಳು ತಮ್ಮ ಸಂದೇಹಗಳನ್ನು ಚೀಟಿಯಲ್ಲಿ ಬರೆದು, ಹೆಸರು ಹಾಕದೆ, ಅದರೊಳಗೆ ಇಳಿಬಿಡಬಹುದು. ತಿಂಗಳಿಗೊಮ್ಮೆ ಅದನ್ನು ತೆರೆದು ಸಭೆಯಲ್ಲಿ ಉತ್ತರ ಹೇಳುವ ಕೆಲಸ ಭೌತಶಾಸ್ತ್ರದ ಉಪನ್ಯಾಸಕನಾದ ನನ್ನದು. ಆಕಾಶವೇಕೆ ನೀಲಿ, ಕಪ್ಪುಕುಳಿಯೊಳಗೆ ಬಿದ್ದವನ ಗತಿಯೇನು, ಚಂದ್ರನಲ್ಲಿ ನೀರುಂಟೆ ಎಂಬವು ಪ್ರತಿ ವರ್ಷವೂ ತಪ್ಪದೆ ಬರುವ ಪ್ರಶ್ನೆಗಳು. ಕಳೆದ ವರ್ಷ ಒಂದು ದಿನ ಹೊರಬಂದ ಚೀಟಿಯಲ್ಲಿ ಮಾತ್ರ ಬೇರೆ ಬಗೆಯ ಪ್ರಶ್ನೆಯಿತ್ತು: "ಮುಟ್ಟಾದ ಹದಿನಾಲ್ಕನೆಯ ದಿನವೊಂದನ್ನು ಬಿಟ್ಟರೆ ಉಳಿದ ದಿನಗಳಲ್ಲಿ ಗರ್ಭ ನಿಲ್ಲುವ ಭಯವಿಲ್ಲವೆಂಬುದು ನಿಜವೇ, ಸರ್?"

ನಾನು ಆ ಚೀಟಿಯನ್ನು ಮನಸ್ಸಿನಲ್ಲಿಯೇ ಓದಿಕೊಂಡು, ಮಡಚಿ, ಅಂಗಿಯ ಜೇಬಿಗೆ ಹಾಕಿದೆ. ಹೊತ್ತಾಯಿತೆಂದು ಹೇಳಿ ಸಭೆಯನ್ನು ಮುಗಿಸಿದೆ. ಬರೆದವರು ಹುಡುಗಿಯೋ ಹುಡುಗನೋ, ಅದು ಪರೀಕ್ಷೆಗೆ ಓದುವಾಗ ಹುಟ್ಟಿದ ಸಂದೇಹವೋ ಬದುಕಿನಲ್ಲಿ ಎದುರಾದ ಸಂಕಟವೋ, ನಾನರಿಯೆ. ಅರಿತಿದ್ದುದು ಇಷ್ಟೇ: ಆ ಪ್ರಶ್ನೆಗೆ ಉತ್ತರ "ನಿಜವಲ್ಲ" ಎಂಬುದು. ಅಷ್ಟನ್ನಾದರೂ ಹೇಳಬಹುದಾಗಿತ್ತು, ಹೇಳಲಿಲ್ಲ. ಒಂದು ತಪ್ಪು ತಿಳಿವಳಿಕೆ ಬಂದ ಹಾಗೆಯೇ ಹಿಂದಿರುಗಿ ಹೋಗಲು ನನ್ನ ಮೌನ ದಾರಿ ಬಿಟ್ಟುಕೊಟ್ಟಿತು. ಆ ಚೀಟಿಗೆ ತಡವಾಗಿ ಬರೆಯುತ್ತಿರುವ ಉತ್ತರವೇ ಈ ಲೇಖನ.

ಇದು ಜೀವಶಾಸ್ತ್ರದ ವಿಷಯವಲ್ಲವೆ, ಭೌತಶಾಸ್ತ್ರದವನಿಗೆ ಇಲ್ಲಿ ಏನು ಕೆಲಸ ಎಂದು ಓದುಗರು ಕೇಳಬಹುದು. ಪ್ರಶ್ನೆಯ ಮೂಲದಲ್ಲಿರುವ ತಪ್ಪು ದೇಹರಚನೆಗೆ ಸಂಬಂಧಿಸಿದುದಲ್ಲ, ಸಂಖ್ಯೆಗೆ ಸಂಬಂಧಿಸಿದುದು. ಸರಾಸರಿಯನ್ನು ನಿಯಮವೆಂದು ಭಾವಿಸುವುದೇ ಆ ತಪ್ಪು. ಅದನ್ನು ತಿದ್ದುವುದು ಅಳತೆಯ ಶಾಸ್ತ್ರವನ್ನು ಕಲಿಸುವವನ ಕರ್ತವ್ಯವೇ ಸರಿ.

ಹಾಗೆ ನಾಚಿಕೊಂಡ ನಾನು ಹುಟ್ಟಿ ಬೆಳೆದ ನಾಡಾದರೂ ಎಂಥದು? ಬಂಟ್ವಾಳದ ಕವಲುದಾರಿಯಿಂದಲೇ ಹೆಸರು ಪಡೆದ ನಮ್ಮ ಬಿ.ಸಿ.ರೋಡು ತುಳುನಾಡಿನ ನಡುಮನೆಯಂತಿರುವ ಊರು. ಇಲ್ಲಿ ತುಳುವರ ಪೊನ್ನಿ ತಿಂಗಳ ಕೊನೆಯಲ್ಲಿ, ಎಂದರೆ ಫೆಬ್ರವರಿಯಲ್ಲಿ, ಕೆಡ್ಡಸ ಬರುತ್ತದೆ. ಆ ಮೂರು ದಿನ ಭೂಮಿತಾಯಿ ಮುಟ್ಟಾಗಿರುತ್ತಾಳೆಂಬುದು ಹಿರಿಯರ ನಂಬಿಕೆ. ಆಗ ನೆಲವನ್ನು ಉಳಬಾರದು, ಅಗೆಯಬಾರದು. ಕೊನೆಯಲ್ಲಿ ಮನೆಯ ಹೆಂಗಸರು ಅಂಗಳಕ್ಕಿಳಿದು ಭೂಮಿಗೆ ಎಣ್ಣೆ ಬಿಟ್ಟು, ಅರಸಿನ ಕುಂಕುಮವಿಟ್ಟು ಅವಳನ್ನು ಮೀಯಿಸುತ್ತಾರೆ. ಮುಟ್ಟೆಂಬುದು ಫಲವತ್ತತೆಯ ಗುರುತು, ಅದು ಬರುವ ಕಾಲಕ್ಕೆ ಒಂದು ಲೆಕ್ಕವುಂಟು ಎಂಬ ಎರಡು ಸಂಗತಿಗಳನ್ನು ಊರಿಗೆ ಊರೇ ಬಹಿರಂಗವಾಗಿ ಒಪ್ಪಿಕೊಳ್ಳುವ ಹಬ್ಬವಿದು. ಭೂಮಿಯ ಮುಟ್ಟನ್ನು ಅಂಗಳದಲ್ಲಿ ಆಚರಿಸುವ ನಾವು ಮನೆಯ ಮಗಳ ಮುಟ್ಟಿನ ವಿಚಾರ ಬಂದೊಡನೆ ದನಿ ತಗ್ಗಿಸುತ್ತೇವೆ. ಕಾರಣವೇನೇ ಇರಲಿ, ಪರಿಣಾಮ ಮಾತ್ರ ಒಂದೇ: ತಿಳಿಯಬೇಕಾದವರಿಗೆ ತಿಳಿಯಬೇಕಾದುದು ತಿಳಿಯುವುದಿಲ್ಲ.

ಮೊದಲು ದೇಹದ ಕಾರ್ಯಕ್ರಮವನ್ನು ನೋಡೋಣ. ಮುಟ್ಟಿನ ಮೊದಲ ದಿನವನ್ನು ಋತುಚಕ್ರದ ಒಂದನೆಯ ದಿನವೆಂದು ಎಣಿಸುವುದು ವಾಡಿಕೆ. ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯಿಂದ ಹೊರಟ ರಸದೂತವು ಅಂಡಾಶಯವನ್ನು ಪ್ರಚೋದಿಸುತ್ತದೆ. ಅಲ್ಲಿ ಅಂಡವನ್ನು ಹೊತ್ತ ಪುಟ್ಟ ಕೋಶಕಗಳು ಬೆಳೆಯತೊಡಗಿ, ಸಾಮಾನ್ಯವಾಗಿ ಅವುಗಳಲ್ಲೊಂದು ಉಳಿದವನ್ನು ಹಿಂದೆ ಹಾಕಿ ಪಕ್ವವಾಗುತ್ತದೆ. ಹೀಗೆ ಬೆಳೆಯುತ್ತಿರುವ ಕೋಶಕವು ಸ್ರವಿಸುವ ಈಸ್ಟ್ರೋಜನ್ ಗರ್ಭಕೋಶದ ಒಳಪೊರೆಯನ್ನು ದಪ್ಪವಾಗಿಸುತ್ತದೆ. ಈಸ್ಟ್ರೋಜನ್ ಒಂದು ಮಟ್ಟವನ್ನು ಮುಟ್ಟಿದಾಗ ಪಿಟ್ಯೂಟರಿಯಿಂದ ಮತ್ತೊಂದು ರಸದೂತ ಪ್ರವಾಹದಂತೆ ಹೊಮ್ಮುತ್ತದೆ. ಅದರ ಪರಿಣಾಮವಾಗಿ ಒಂದೆರಡು ದಿನಗಳೊಳಗೆ ಕೋಶಕ ಬಿರಿದು ಅಂಡ ಹೊರಬರುತ್ತದೆ. ಇದೇ ಅಂಡೋತ್ಸರ್ಗ. ಬರಿದಾದ ಕೋಶಕವು ಪ್ರೊಜೆಸ್ಟಿರೋನ್ ಎಂಬ ರಸವನ್ನು ಸುರಿಸಿ ಒಳಪೊರೆಯನ್ನು ಕಾದುಕೊಳ್ಳುತ್ತದೆ. ಗರ್ಭ ನಿಲ್ಲದಿದ್ದರೆ ಎರಡು ವಾರಗಳೊಳಗಾಗಿ ಆ ಕೋಶಕ ಬಾಡುತ್ತದೆ, ಪ್ರೊಜೆಸ್ಟಿರೋನ್ ಇಳಿಯುತ್ತದೆ, ಆಧಾರ ತಪ್ಪಿದ ಒಳಪೊರೆ ಕಳಚಿ ರಕ್ತದೊಡನೆ ಹೊರಬರುತ್ತದೆ. ಇದೇ ಮುಟ್ಟು. ಇದರಲ್ಲಿ ಮೈಲಿಗೆಯೆನ್ನತಕ್ಕದ್ದು ಏನೂ ಇಲ್ಲ. ಬಾರದ ಅತಿಥಿಗಾಗಿ ಹಾಸಿದ ಹಾಸಿಗೆಯನ್ನು ಸುತ್ತಿ ತೆಗೆದಿಡುವ ಕೆಲಸವಷ್ಟೆ.

ಆದುದರಿಂದ ಋತುಚಕ್ರವನ್ನು ಎರಡು ತುಂಡುಗಳನ್ನು ಕೂಡಿಸಿದ ಕೋಲೆಂದು ಭಾವಿಸಬಹುದು. ಮುಟ್ಟಿನಿಂದ ಅಂಡೋತ್ಸರ್ಗದವರೆಗೆ ಮೊದಲ ತುಂಡು. ಅಲ್ಲಿಂದ ಮುಂದಿನ ಮುಟ್ಟಿನವರೆಗೆ ಎರಡನೆಯದು. ಎರಡನೆಯ ತುಂಡಿನ ಉದ್ದ ಅಷ್ಟಾಗಿ ಬದಲಾಗದು. ಮೊದಲ ತುಂಡಾದರೋ ರಬ್ಬರಿನಂತೆ ಹಿಗ್ಗುವುದೂ ಉಂಟು, ಕುಗ್ಗುವುದೂ ಉಂಟು. ಜ್ವರ, ಮೈತೂಕದ ಏರಿಳಿತ, ಪರೀಕ್ಷೆಯ ಚಿಂತೆ ಮುಂತಾದವು ಅಂಡೋತ್ಸರ್ಗವನ್ನು ಮುಂದೂಡಬಲ್ಲವು.

ಈ ತತ್ತ್ವವನ್ನು 1920ರ ದಶಕದಲ್ಲಿ ಇಬ್ಬರು ವೈದ್ಯರು ಪರಸ್ಪರ ಅರಿಯದೆ ಕಂಡುಕೊಂಡರು: ಜಪಾನಿನ ಕ್ಯೂಸಾಕು ಒಗಿನೊ ಮತ್ತು ಆಸ್ಟ್ರಿಯದ ಹೆರ್ಮನ್ ಕ್ನೌಸ್. ಅಂಡೋತ್ಸರ್ಗ ನಡೆಯುವುದು ಹಿಂದಿನ ಮುಟ್ಟಾಗಿ ಇಷ್ಟು ದಿನಕ್ಕೆ ಎಂದು ಎಣಿಸಬಾರದು, ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ ಎಂದು ಎಣಿಸಬೇಕೆಂಬುದು ಅವರ ಶೋಧನೆಯ ತಿರುಳು. ಇಲ್ಲಿಯೇ ಒಂದು ವಿಚಿತ್ರ ತೊಡಕಿದೆ. ಮುಂದಿನ ಮುಟ್ಟು ಎಂದು ಬರುವುದೋ ಅದು ಬಂದ ಮೇಲಲ್ಲವೆ ತಿಳಿಯುವುದು? ಬಸ್ಸು ಹೊರಟುಹೋದ ಮೇಲೆ ಅದು ಹೊರಟ ವೇಳೆಯನ್ನು ಲೆಕ್ಕ ಹಾಕಿದಂತೆ! ಕಳೆದುಹೋದ ತಿಂಗಳ ವಿಷಯದಲ್ಲಿ ಈ ಲೆಕ್ಕ ಹತ್ತಿರಹತ್ತಿರ ಸರಿ. ಬರುವ ತಿಂಗಳ ವಿಷಯದಲ್ಲಿ ಅದು ಊಹೆ ಮಾತ್ರ.

ಇನ್ನು ಅಪಾಯದ ದಿನಗಳೆಷ್ಟು? ಹೊರಬಂದ ಅಂಡದ ಆಯುಸ್ಸು ಒಂದು ದಿನವನ್ನು ಮೀರದು. ವೀರ್ಯಾಣುಗಳಾದರೋ ಹೆಣ್ಣಿನ ದೇಹದೊಳಗೆ ಐದು ದಿನಗಳವರೆಗೂ ಬದುಕಿರಬಲ್ಲವು. ಎಂದ ಮೇಲೆ ಅಂಡೋತ್ಸರ್ಗದ ದಿನವೂ ಅದರ ಹಿಂದಿನ ಐದು ದಿನಗಳೂ ಸೇರಿ ಒಟ್ಟು ಆರು ದಿನಗಳು ಗರ್ಭ ನಿಲ್ಲಬಹುದಾದ ಕಾಲ. ಅಮೆರಿಕದ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಈ ಆರು ದಿನಗಳ ಮೊದಲ ದಿನದ ಸಂಪರ್ಕದಿಂದ ಗರ್ಭ ನಿಲ್ಲುವ ಸಂಭವ ನೂರಕ್ಕೆ ಸುಮಾರು 10, ಅಂಡೋತ್ಸರ್ಗದ ದಿನ ಸುಮಾರು 33. "ಹದಿನಾಲ್ಕನೆಯ ದಿನ ಮಾತ್ರ" ಎಂಬ ಮಾತು ಇಲ್ಲಿಯೇ ಅರ್ಧ ಬಿದ್ದುಹೋಯಿತು. ಉಳಿದರ್ಧ ಹೇಗೆ ಬೀಳುವುದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ನಡೆದ ಒಂದು ಪ್ರಯೋಗ ಸಾಕ್ಷಿಯಾಗಿದೆ.

ಸಂತಾನ ನಿಯಂತ್ರಣದ ಚರಿತ್ರೆಯಲ್ಲಿ ಕನ್ನಡ ನಾಡಿನ ಸ್ಥಾನ ಚಿಕ್ಕದಲ್ಲ. ಜಗತ್ತಿನ ಬಹುಪಾಲು ಸರ್ಕಾರಗಳು ಈ ಮಾತೆತ್ತಲೂ ಅಂಜುತ್ತಿದ್ದ 1930ರಲ್ಲಿ ಮೈಸೂರು ಸಂಸ್ಥಾನವು ತನ್ನ ಆಸ್ಪತ್ರೆಗಳಲ್ಲಿ ಗರ್ಭನಿರೋಧ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೇ ಇಂಥ ಕಾರ್ಯಕ್ಕೆ ಕೈಹಾಕಿದ ಮೊದಲ ನಿದರ್ಶನವೆಂದು ಅದನ್ನು ಎಣಿಸುತ್ತಾರೆ. ಸ್ವಾತಂತ್ರ್ಯಾನಂತರ ಕೇಂದ್ರದ ಆರೋಗ್ಯ ಮಂತ್ರಿಗಳಾದ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಅನುಯಾಯಿಗಳು. ಸಂಯಮವನ್ನು ಆಧರಿಸಿದ ದಿನಗಣನೆಯ ಮಾರ್ಗವೊಂದೇ ಅವರಿಗೆ ಒಪ್ಪಿಗೆಯಾಗಿತ್ತು. ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆಯು 1951ರಲ್ಲಿ ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಅವರನ್ನು ಭಾರತಕ್ಕೆ ಕಳುಹಿಸಿತು. ಪ್ರಯೋಗಕ್ಕಾಗಿ ಆರಿಸಿದ ಎರಡು ಸ್ಥಳಗಳಲ್ಲಿ ಒಂದು ದೆಹಲಿಯ ಲೋದಿ ಕಾಲೊನಿ. ಮತ್ತೊಂದು ಇಂದು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ನಮ್ಮ ರಾಮನಗರ. ಆಗ ನಮ್ಮ ಬಿ.ಸಿ.ರೋಡು ಇನ್ನೂ ಮದರಾಸು ಪ್ರಾಂತಕ್ಕೆ ಸೇರಿತ್ತು. ರಾಮನಗರ ಮೈಸೂರು ರಾಜ್ಯದಲ್ಲಿತ್ತು.

ಓದುಬರೆಹ ಬಾರದ ಹೆಂಗಸರು ಪಂಚಾಂಗವನ್ನು ನೋಡಿ ದಿನ ಎಣಿಸುವುದೆಂತು? ಇದಕ್ಕಾಗಿ ಡಾ. ಸ್ಟೋನ್ ಮಣಿಸರವೊಂದನ್ನು ಯೋಜಿಸಿದರು. ಅದರಲ್ಲಿ ಇಪ್ಪತ್ತೆಂಟು ಮಣಿಗಳು: ಮುಟ್ಟಿನ ದಿನಗಳಿಗೆ ಕಿತ್ತಳೆ ಬಣ್ಣ, ನಿರ್ಭಯದ ದಿನಗಳಿಗೆ ಹಸುರು, ಗರ್ಭ ನಿಲ್ಲಬಹುದಾದ ದಿನಗಳಿಗೆ ಕೆಂಪು. ದಿನಕ್ಕೊಂದು ಮಣಿಯನ್ನು ಸರಿಸುತ್ತ ಹೋದರಾಯಿತು. ಉಪಾಯವೇನೋ ಚೆನ್ನಾಗಿತ್ತು. ಆದರೆ ತೊಡಕುಗಳು ಒಂದೊಂದಾಗಿ ತಲೆಯೆತ್ತಿದವು. ಇರುಳಿನಲ್ಲಿ ಬಣ್ಣ ಕಾಣದೆಂದು ಮಣಿಗಳ ಆಕಾರವನ್ನೇ ಬೇರೆಬೇರೆ ಮಾಡಬೇಕಾಯಿತು. ಮಣಿಗಳನ್ನು ಹಿಂದುಮುಂದಾಗಿ ಸರಿಸುವರೆಂದು ಅದಕ್ಕೊಂದು ತಡೆಯನ್ನು ಕೂಡಿಸಬೇಕಾಯಿತು. ಸರವನ್ನು ಕೊರಳಲ್ಲಿ ಧರಿಸಿದರೆ ತಮ್ಮ ಗುಟ್ಟು ಊರಿಗೆಲ್ಲ ತಿಳಿಯುವುದೆಂದು ಕೆಲವರು ನಾಚಿದರು. ಸರವೇ ತಾಯತದಂತೆ ತಮ್ಮನ್ನು ಕಾಪಾಡೀತೆಂದು ನಂಬಿದವರೂ ಇದ್ದರೆಂದು ಆ ಪ್ರಯೋಗವನ್ನು ಕುರಿತ ಬರೆಹಗಳು ತಿಳಿಸುತ್ತವೆ. ಒಟ್ಟಿನಲ್ಲಿ ಯೋಜನೆ ನಿರೀಕ್ಷಿಸಿದ ಫಲವನ್ನು ಕೊಡಲಿಲ್ಲ.

ಈ ಕಥೆಯನ್ನು ಕೇಳಿದವರು ನಗುವುದುಂಟು. ಅದೂ ಆ ಹೆಂಗಸರನ್ನು ನೋಡಿ. ಆದರೆ ನಗಬೇಕಾದುದು ಯಾರನ್ನು ನೋಡಿ? ಇಪ್ಪತ್ತೆಂಟು ಮಣಿಗಳ ಸರವು ಇಪ್ಪತ್ತೆಂಟು ದಿನಗಳ ಚಕ್ರವುಳ್ಳವಳಿಗೆ ಮಾತ್ರ ಸರಿಹೊಂದೀತು. ಸರವನ್ನು ಪೋಣಿಸಿದವರು ದಿನಗಳ ಸರಾಸರಿಯನ್ನು ದಾರಕ್ಕೆ ಪೋಣಿಸಿದ್ದರು. ಅದನ್ನು ಧರಿಸಿದವರಾದರೋ ಸರಾಸರಿ ಹೆಂಗಸರಾಗಿರಲಿಲ್ಲ, ನಿಜವಾದ ಹೆಂಗಸರಾಗಿದ್ದರು.

ಸರಾಸರಿಗೂ ನಿಜಕ್ಕೂ ಇರುವ ಅಂತರವೆಷ್ಟು? ಮೊಬೈಲ್ ಫೋನಿನಲ್ಲಿ ದಾಖಲಾದ 1,24,648 ಮಹಿಳೆಯರ 6,12,613 ಋತುಚಕ್ರಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಚಕ್ರದ ಸರಾಸರಿ ಉದ್ದ 29.3 ದಿನ. ಸರಿಯಾಗಿ 28 ದಿನಗಳಿದ್ದುದು ನೂರಕ್ಕೆ ಸುಮಾರು 13 ಮಾತ್ರ! ಮುಟ್ಟಿನಿಂದ ಅಂಡೋತ್ಸರ್ಗದವರೆಗಿನ ಅವಧಿಯ ಸರಾಸರಿ ಹದಿನಾಲ್ಕಲ್ಲ, 16.9 ದಿನ, ಅದೂ ಹೆಚ್ಚುಕಡಿಮೆ ಹತ್ತರಿಂದ ಮೂವತ್ತು ದಿನಗಳವರೆಗೆ ಹರಡಿಕೊಂಡಿತ್ತು. ನಮ್ಮ ಪಿಯುಸಿ ವಿದ್ಯಾರ್ಥಿಗಳು ಓದುವ ಎನ್.ಸಿ.ಇ.ಆರ್.ಟಿ. ಜೀವಶಾಸ್ತ್ರ ಪಠ್ಯವು ಗರ್ಭ ನಿಲ್ಲಬಹುದಾದ ಕಾಲವನ್ನು ಚಕ್ರದ 10ರಿಂದ 17ನೆಯ ದಿನದವರೆಗೆ ಎಂದು ಸೂಚಿಸುತ್ತದೆ. ಆದರೆ ವಿಲ್ಕಾಕ್ಸ್ ಮತ್ತು ಸಂಗಡಿಗರು 696 ಋತುಚಕ್ರಗಳನ್ನು ಪರೀಕ್ಷಿಸಿ 2000ದಲ್ಲಿ ತಿಳಿಸಿದುದೇನು? ಆ ಆರು ದಿನಗಳೂ 10ರಿಂದ 17ರ ಒಳಗೇ ಬೀಳುವುದು ನೂರರಲ್ಲಿ ಸುಮಾರು 30 ಮಹಿಳೆಯರಿಗೆ ಮಾತ್ರ. ಚಕ್ರದ 6ನೆಯ ದಿನದಿಂದ 21ನೆಯ ದಿನದವರೆಗೆ ಪ್ರತಿಯೊಂದು ದಿನವೂ ಫಲವತ್ತಾದ ದಿನವಾಗಿರುವ ಸಂಭವ ನೂರಕ್ಕೆ ಹತ್ತಕ್ಕಿಂತ ಕಡಿಮೆಯಿಲ್ಲ.

ನಮ್ಮ ಪ್ರಯೋಗಶಾಲೆಯಲ್ಲಿ ಲೋಲಕದ ಆವರ್ತಕಾಲವನ್ನು ಅಳೆದ ವಿದ್ಯಾರ್ಥಿ ಬರಿಯ ಸರಾಸರಿಯನ್ನು ಬರೆದು ತಂದರೆ ನಾನು ಅಂಕವನ್ನು ಕಡಿತಗೊಳಿಸುತ್ತೇನೆ. "ಹರವೆಲ್ಲಿ? ದೋಷದ ಮಿತಿ ಎಷ್ಟು?" ಎಂದು ಕೇಳುತ್ತೇನೆ. ಬೇಸಗೆಯಲ್ಲಿ ಪಾಣೆಮಂಗಳೂರಿನ ಬಳಿ ನೇತ್ರಾವತಿಯ ಸರಾಸರಿ ಆಳ ಮೊಣಕಾಲುದ್ದವೆಂದು ಯಾರೋ ಹೇಳಿದರೆಂದು ಈಜು ಬಾರದವನು ನದಿಗೆ ಇಳಿಯಬಹುದೆ? ಅವನನ್ನು ಮುಳುಗಿಸುವುದು ಸರಾಸರಿ ಆಳವಲ್ಲ, ಎಲ್ಲೋ ಒಂದೆಡೆಯಿರುವ ಮಡು. ಕಬ್ಬಿಣದ ಗುಂಡಿನ ಲೋಲಕಕ್ಕೆ ದೋಷದ ಮಿತಿಯನ್ನು ಕೇಳುವ ನಾವು ಒಂದು ಹೆಣ್ಣಿನ ಭವಿಷ್ಯವೇ ನಿಂತಿರುವ ಸಂಖ್ಯೆಗೆ ಅದನ್ನು ಕೇಳದಿರುವುದು ಎಂಥ ವಿಜ್ಞಾನ?

ಹದಿಹರೆಯದ ಹುಡುಗಿಯರಿಗಂತೂ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಮುಟ್ಟು ಆರಂಭವಾದ ಮೊದಲ ಕೆಲವು ವರ್ಷ ಚಕ್ರ 21ರಿಂದ 45 ದಿನಗಳವರೆಗೆ ಹೇಗಿದ್ದರೂ ಸಹಜವೇ. ಗೆಳತಿಯ ಚಕ್ರ ಇಪ್ಪತ್ತೆಂಟು, ತನ್ನದು ಮೂವತ್ತಾರು ಎಂದು ಗಾಬರಿಯಾಗಬೇಕಾದುದಿಲ್ಲ. ಮೂರು ತಿಂಗಳು ಮುಟ್ಟೇ ಬಾರದಿದ್ದರೆ, ಇಲ್ಲವೆ ಸ್ರಾವ, ನೋವು ಮಿತಿಮೀರಿದರೆ ವೈದ್ಯರನ್ನು ಕಾಣಬೇಕು. ಪ್ರತಿ ತಿಂಗಳೂ ಮೊದಲ ದಿನವನ್ನು ದಿನಚರಿಯಲ್ಲಿ ಗುರುತು ಹಾಕಿಡುವುದು ಒಳ್ಳೆಯ ಅಭ್ಯಾಸ. ಒಂದು ವರ್ಷ ಹೀಗೆ ಬರೆದಿಟ್ಟವಳಿಗೆ ತನ್ನ ಸರಾಸರಿಯೂ ತನ್ನ ಹರವೂ ಗೊತ್ತಿರುತ್ತದೆ.

ಹಾಗಾದರೆ ದಿನಗಣನೆಯ ಮಾರ್ಗವೇ ನಿಷ್ಪ್ರಯೋಜಕವೆ? ಅಲ್ಲ, ಹರವನ್ನು ಒಪ್ಪಿಕೊಂಡರೆ ಅದಕ್ಕೂ ಒಂದು ಮಟ್ಟಿನ ಬೆಲೆಯಿದೆ. ರಾಮನಗರದ ಪ್ರಯೋಗ ನಡೆದು ಅರ್ಧ ಶತಮಾನ ಕಳೆದ ಮೇಲೆ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದವರು ಮತ್ತೆ ಮಣಿಸರಕ್ಕೇ ಬಂದರು. ಈ ಬಾರಿ ಮಣಿಗಳು ಮೂವತ್ತೆರಡು. ಸರಿಸಬೇಕಾದುದು ಒಂದೇ ದಿಕ್ಕಿಗೆ ಚಲಿಸುವ ರಬ್ಬರಿನ ಉಂಗುರ. ಎಂಟನೆಯ ದಿನದಿಂದ ಹತ್ತೊಂಬತ್ತನೆಯ ದಿನದವರೆಗೆ ಹನ್ನೆರಡು ಬಿಳಿ ಮಣಿಗಳು; ಅವು ಎಚ್ಚರಿಕೆಯ ದಿನಗಳು. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಚಕ್ರ ಯಾವಾಗಲೂ 26ರಿಂದ 32 ದಿನಗಳ ಒಳಗಿರುವವರಿಗೆ ಮಾತ್ರ ಈ ಸರ ತಕ್ಕದ್ದೆಂದು ಅವರು ಮೊದಲೇ ಹೇಳಿಬಿಟ್ಟರು. ನಿಯಮವನ್ನು ಒಂದಿಷ್ಟೂ ಮೀರದೆ ನಡೆದರೆ ವರ್ಷದಲ್ಲಿ ನೂರಕ್ಕೆ ಐವರಿಗಿಂತ ಕಡಿಮೆ ಮಂದಿಗೆ ಗರ್ಭ ನಿಂತಿತು. ಜನ ವಾಸ್ತವದಲ್ಲಿ ನಡೆದುಕೊಳ್ಳುವ ರೀತಿಯಲ್ಲಿ ನೂರಕ್ಕೆ ಹನ್ನೆರಡು ಮಂದಿಗೆ. ಈ ಫಲಿತಾಂಶ ಪ್ರಕಟವಾದುದು 2002ರಲ್ಲಿ. ಹಳೆಯ ಸರಕ್ಕೂ ಹೊಸ ಸರಕ್ಕೂ ಇರುವ ನಿಜವಾದ ವ್ಯತ್ಯಾಸ ನಾಲ್ಕು ಮಣಿಗಳದಲ್ಲ, ತನ್ನ ಮಿತಿಯನ್ನು ತಾನೇ ಹೇಳುವ ಪ್ರಾಮಾಣಿಕತೆಯದು.

ಉಳಿದ ಮಾರ್ಗಗಳನ್ನೂ ಇದೇ ತಕ್ಕಡಿಯಲ್ಲಿ ತೂಗಿ ನೋಡಬೇಕು. ಅಮೆರಿಕದಲ್ಲಿ ಕಲೆಹಾಕಿದ ಅಂಕಿಗಳಂತೆ, ಯಾವ ಉಪಾಯವನ್ನೂ ಕೈಗೊಳ್ಳದ ನೂರು ದಂಪತಿಗಳಲ್ಲಿ ಒಂದು ವರ್ಷದೊಳಗೆ ಸುಮಾರು 85 ಮಂದಿಗೆ ಗರ್ಭ ನಿಲ್ಲುತ್ತದೆ. ವೀರ್ಯವನ್ನು ಹೊರಗೆ ಬಿಡುವ ಹಳೆಯ ಪದ್ಧತಿಯಿಂದ ಸುಮಾರು 20, ಗಂಡಸರ ನಿರೋಧ್ ಚೀಲದಿಂದ 13, ದಿನವೂ ನುಂಗುವ ಗುಳಿಗೆಯಿಂದ 7. ನಿರೋಧ್ ಚೀಲವನ್ನು ಪ್ರತಿ ಬಾರಿಯೂ ತಪ್ಪದೆ ಸರಿಯಾಗಿ ಬಳಸಿದರೆ 13 ಎಂಬುದು 2ಕ್ಕೂ, ಗುಳಿಗೆಯನ್ನು ತಪ್ಪದೆ ಸೇವಿಸಿದರೆ 7 ಎಂಬುದು 1ಕ್ಕಿಂತ ಕೆಳಕ್ಕೂ ಇಳಿಯುತ್ತದೆ. ಗರ್ಭಕೋಶದಲ್ಲಿ ವೈದ್ಯರು ಇರಿಸುವ ಕಾಪರ್-ಟಿ ಮತ್ತು ಶಸ್ತ್ರಚಿಕಿತ್ಸೆಗಳಲ್ಲಿ ನಮ್ಮ ಮರೆವಿಗೆ ಅವಕಾಶವಿಲ್ಲವಾದುದರಿಂದ ಆ ಸಂಖ್ಯೆ ಒಂದನ್ನೂ ಮುಟ್ಟುವುದಿಲ್ಲ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ರೂಪಿಸಿದ ಸೆಂಟ್‌ಕ್ರೋಮನ್ ಗುಳಿಗೆಯನ್ನು ಮೊದಲ ಮೂರು ತಿಂಗಳು ವಾರಕ್ಕೆರಡು ಬಾರಿ, ಆಮೇಲೆ ವಾರಕ್ಕೊಮ್ಮೆ ಸೇವಿಸಿದರಾಯಿತು. 2017ರಿಂದ 'ಛಾಯಾ' ಎಂಬ ಹೆಸರಿನಲ್ಲಿ ಅದನ್ನೂ, 'ಅಂತರಾ' ಎಂಬ ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದನ್ನೂ ಸರ್ಕಾರಿ ಆಸ್ಪತ್ರೆಗಳ ಮೂಲಕ ಒದಗಿಸತೊಡಗಿದರು. ಗುಹ್ಯರೋಗಗಳಿಂದಲೂ ರಕ್ಷಣೆ ಕೊಡುವುದು ಇವುಗಳಲ್ಲಿ ನಿರೋಧ್ ಚೀಲವೊಂದೇ. ಅಚಾತುರ್ಯ ನಡೆದುಹೋದರೆ 72 ಗಂಟೆಗಳೊಳಗೆ, ಆದಷ್ಟು ಬೇಗ, ಸೇವಿಸಬೇಕಾದ ತುರ್ತು ಗುಳಿಗೆಯೂ ಉಂಟು. ಅದು ಅಂಡೋತ್ಸರ್ಗವನ್ನು ಮುಂದೂಡುತ್ತದೆಯೇ ಹೊರತು ನಿಂತ ಗರ್ಭವನ್ನು ತೆಗೆಯುವುದಿಲ್ಲ. ನಿತ್ಯದ ಬಳಕೆಗೆ ತಕ್ಕುದೂ ಅಲ್ಲ.

ಸಂಭವನೀಯತೆಯ ಲೆಕ್ಕದಲ್ಲಿ ಯುವಜನರು ಎಡವುವ ಇನ್ನೊಂದು ಕಲ್ಲಿದೆ: "ಇಷ್ಟು ದಿನ ಏನೂ ಆಗಲಿಲ್ಲ, ಮುಂದೆಯೂ ಆಗದು" ಎಂಬ ಧೈರ್ಯ. ವರ್ಷಕ್ಕೆ ನೂರಕ್ಕೆ 85 ಎಂದರೆ, ಪ್ರತಿ ತಿಂಗಳ ಅಪಾಯವೂ ಒಂದೇ ಸಮನೆಂದು ಭಾವಿಸಿದರೆ, ತಿಂಗಳಿಗೆ ನೂರಕ್ಕೆ ಸುಮಾರು 15 ಆಗುತ್ತದೆ. ಪಾರಾಗುವ ಸಂಭವ 0.85. ಮೂರು ತಿಂಗಳು ಪಾರಾಗುವ ಸಂಭವ 0.85ರ ಘನ, ಎಂದರೆ ಸುಮಾರು 0.61. ಯಾವ ಎಚ್ಚರಿಕೆಯೂ ಇಲ್ಲದ ನೂರು ಜೋಡಿಗಳಲ್ಲಿ 61 ಜೋಡಿಗಳು ಮೂರು ತಿಂಗಳ ಕೊನೆಗೆ "ನೋಡಿದಿರಾ, ಏನೂ ಆಗಲಿಲ್ಲ" ಎನ್ನುವ ಸ್ಥಿತಿಯಲ್ಲಿರುತ್ತವೆ! ಆದರೆ ಹನ್ನೆರಡನೆಯ ತಿಂಗಳಿಗೆ ಉಳಿಯುವವು ಹದಿನಾಲ್ಕೋ ಹದಿನೈದೋ ಮಾತ್ರ. ನಾಣ್ಯಕ್ಕೆ ಹೇಗೆ ನೆನಪಿಲ್ಲವೋ ಹಾಗೆಯೇ ಅಂಡಕ್ಕೂ ನೆನಪಿಲ್ಲ. ವರ್ಷಕ್ಕೆ ನೂರಕ್ಕೆ 12ರಷ್ಟು ಸೋಲುವ ಉಪಾಯವನ್ನೇ ಐದು ವರ್ಷ ನೆಚ್ಚಿದರೆ, ಇದೇ ಸರಳ ಲೆಕ್ಕದಂತೆ, ಸೋಲುವವರ ಸಂಖ್ಯೆ ನೂರಕ್ಕೆ 47. ಸಣ್ಣ ಅಪಾಯವನ್ನು ಮತ್ತೆ ಮತ್ತೆ ಎದುರಿಸಿದರೆ ಅದು ದೊಡ್ಡ ಅಪಾಯವೇ ಆಗುತ್ತದೆ.

ಇದನ್ನೆಲ್ಲ ಎಳೆಯರಿಗೆ ಹೇಳಿದರೆ ಅವರು ದಾರಿ ತಪ್ಪುವರೆಂಬ ಆಕ್ಷೇಪಣೆ ಹಳೆಯದು. ಅದನ್ನು ಎತ್ತುವವರು ಮಕ್ಕಳ ಹಿತವನ್ನು ಬಯಸುವವರೇ. ಆದುದರಿಂದ ಅವರಿಗೆ ಗೌರವದಿಂದ ಉತ್ತರ ಕೊಡಬೇಕು. ಇಂಥದೇ ಆಕ್ಷೇಪಣೆಗಳ ಕಾರಣದಿಂದ 2007ರಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳು ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣವನ್ನು ತಡೆದವು. 1930ರಲ್ಲಿ ಮೈಸೂರು ತೋರಿದ ಧೈರ್ಯವನ್ನು ನಾವು ಅಲ್ಲಿ ಮರೆತೆವು. ಆದರೆ ದೇಶದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಯುನೆಸ್ಕೊ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯ ಪ್ರಕಾರ, ಇಂಥ ಶಿಕ್ಷಣದಿಂದ ಯುವಜನರ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ. ಅದಿರಲಿ, ನಾವು ಹೇಳದಿದ್ದ ಮಾತ್ರಕ್ಕೆ ಅವರು ಕೇಳದೆ ಇರುವರೆ? ನನ್ನ ಪೆಟ್ಟಿಗೆಯಲ್ಲಿ ಬಿದ್ದ ಚೀಟಿಯೇ ಇದಕ್ಕೆ ಉತ್ತರ. ಅದನ್ನು ಬರೆದವರಿಗೆ "ಹದಿನಾಲ್ಕನೆಯ ದಿನ"ದ ಪಾಠವನ್ನು ಯಾರೋ ಆಗಲೇ ಕಲಿಸಿಬಿಟ್ಟಿದ್ದರು. ಆಯ್ಕೆ ಇರುವುದು ತಿಳಿವಳಿಕೆಗೂ ಮುಗ್ಧತೆಗೂ ನಡುವೆಯಲ್ಲ, ಸರಿಯಾದ ತಿಳಿವಳಿಕೆಗೂ ಅರೆಬೆಂದ ತಿಳಿವಳಿಕೆಗೂ ನಡುವೆ.

ಕಾನೂನಿನ ಮಾತನ್ನೂ ಮುಚ್ಚಿಡಬೇಕಾದುದಿಲ್ಲ. ಹದಿನೆಂಟು ತುಂಬದವರೊಡನೆ ಲೈಂಗಿಕ ಸಂಪರ್ಕವು, ಅವರ ಒಪ್ಪಿಗೆಯಿದ್ದರೂ, 2012ರ ಪೋಕ್ಸೊ ಕಾಯಿದೆಯಂತೆ ಅಪರಾಧ. ಬಲಾತ್ಕಾರಕ್ಕೋ ಬೆದರಿಕೆಗೋ ಒಳಗಾದ ಮಕ್ಕಳು 1098 ಸಂಖ್ಯೆಗೆ ಕರೆ ಮಾಡಿ ಸಹಾಯ ಪಡೆಯಬಹುದು. ಮುಟ್ಟು ತಪ್ಪಿದ ಹುಡುಗಿ ಮಾಡಬೇಕಾದ ಮೊದಲ ಕೆಲಸ ಗುಟ್ಟಾಗಿ ಯಾವುದೋ ಗುಳಿಗೆ ನುಂಗುವುದಲ್ಲ. ನಂಬಿಕೆಯ ಹಿರಿಯರೊಬ್ಬರೊಡನೆ ತಾಲ್ಲೂಕು ಆಸ್ಪತ್ರೆಗೆ ಹೋಗುವುದು. 1971ರಲ್ಲಿ ಆಗಿ 2021ರಲ್ಲಿ ತಿದ್ದುಪಡಿಯಾದ ಕಾಯಿದೆಯ ಕಟ್ಟಳೆಗಳಿಗೆ ಒಳಪಟ್ಟು ಬೇಡದ ಗರ್ಭವನ್ನು ನುರಿತ ವೈದ್ಯರಿಂದ ತೆಗೆಸಿಕೊಳ್ಳಲು ನಮ್ಮ ದೇಶದಲ್ಲಿ ಅವಕಾಶವಿದೆ. ತಡಮಾಡಿದಷ್ಟೂ ದಾರಿಗಳು ಕಿರಿದಾಗುತ್ತವೆ.

ಇದು ಹುಡುಗಿಯರ ಪಾಠವೆಂದು ಹುಡುಗರನ್ನು ಹೊರಗೆ ಕಳುಹಿಸುವ ಪದ್ಧತಿಯೂ ಕೊನೆಗೊಳ್ಳಬೇಕು. ಆರು ದಿನಗಳ ಲೆಕ್ಕದಲ್ಲಿ ಐದು ದಿನಗಳು ವೀರ್ಯಾಣುವಿನ ಆಯುಸ್ಸಿನಿಂದ ಬಂದವು, ಅಂಡದ ಪಾಲು ಒಂದೇ ದಿನ. ಹಾಗಿರುವಾಗ ಲೆಕ್ಕವನ್ನೆಲ್ಲ ಹೆಣ್ಣೊಬ್ಬಳ ತಲೆಗೆ ಕಟ್ಟುವುದು ಯಾವ ನ್ಯಾಯ? ಕನ್ನಡದಲ್ಲಿ ಇದನ್ನೆಲ್ಲ ಹೇಳಲು ಪದಗಳಿಲ್ಲವೆಂಬ ನೆಪವೂ ನಡೆಯದು. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು 'ದಾಂಪತ್ಯ ದೀಪಿಕೆ', 'ತಾಯಿ-ಮಗು' ಮುಂತಾದ ಪುಸ್ತಕಗಳಲ್ಲಿ ಮನೆಮಾತಿನ ಕನ್ನಡದಲ್ಲೇ ಇವನ್ನು ಹೇಳಿ ತೋರಿಸಿದ್ದಾರೆ. ಕೊರತೆಯಿರುವುದು ಪದಗಳಿಗಲ್ಲ, ಬಾಯಿ ತೆರೆಯುವವರಿಗೆ. ಕೊರತೆಯವರ ಪಟ್ಟಿಯಲ್ಲಿ ಕಳೆದ ವರ್ಷ ನನ್ನ ಹೆಸರೂ ಇತ್ತು.

ಆ ಚೀಟಿ ಈಗಲೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಮುಂದಿನ ಸಲ ಪೆಟ್ಟಿಗೆಯನ್ನು ತೆರೆಯುವ ದಿನ ಮೊದಲು ಅದನ್ನು ಗಟ್ಟಿಯಾಗಿ ಓದಿ, ಹುಡುಗ ಹುಡುಗಿಯರೆಲ್ಲರ ಎದುರಿಗೆ, ಕರಿಹಲಗೆಯ ಮೇಲೆ ಉತ್ತರ ಬರೆಯಬೇಕೆಂದಿದ್ದೇನೆ: "ನಿಜವಲ್ಲ. ಹದಿನಾಲ್ಕು ಎಂಬುದು ಪುಸ್ತಕದ ಸರಾಸರಿ. ನಿಮ್ಮ ದೇಹ ಆ ಪುಸ್ತಕವನ್ನು ಓದಿಲ್ಲ." ಕೇಳಿದವರು ಅಷ್ಟು ಹೊತ್ತಿಗೆ ಕಾಲೇಜು ಬಿಟ್ಟು ಹೋಗಿರಲೂಬಹುದು. ಆದರೆ ಅದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಚೀಟಿ ಬರೆಯದೆ ಕುಳಿತವರು ಆ ಸಭೆಯಲ್ಲಿ ಎಷ್ಟು ಮಂದಿಯೋ!